ಶ್ಯಾವ್‌ಮಾನ್‌ಗೆ ಒಂದು ಬಾಣಲೆ

ಮಗಳು ತಾನಾಗಿ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಯಿನ್‌ದಿಯ ನೆನಪಿನಲ್ಲಿ ಅದೇ ಮೊದಲು.

“ಅಮ್ಮಾ, ಬಾಡಿಗೆಗೆ ಮನೆ ಸಿಕ್ತು. ಅಡುಗೆಮನೆ ಇದೆ, ಆದ್ರೆ ಒಂದು ಸೌಟೂ ಇಲ್ಲ. ಯಾವ್ದು ಬಾಳಿಕೆ ಬರತ್ತೆ, ಯಾವ್ದು ಬರಲ್ಲ, ನಂಗೊಂದೂ ತಿಳಿಯಲ್ಲ. ನೀನು ಬಂದು ಆರಿಸಿ ಕೊಡ್ತೀಯಾ?”

ಯಿನ್‌ದಿ ಆ ಸಂಜೆಯೇ ಶೆನ್ ಮನೆಯೊಡತಿಯ ಹತ್ತಿರ ಎರಡು ದಿನ ರಜೆ ಕೇಳಿದಳು.

ಶಾಂಘೈನ ಆ ಮನೆಯಲ್ಲಿ ಅವಳು ಅಡುಗೆಗೆ ನಿಂತು ಹತ್ತೊಂಬತ್ತು ವರ್ಷವಾಗಿತ್ತು. ಗಂಡ ತೀರಿಕೊಂಡ ವರ್ಷ, ಆರು ವರ್ಷದ ಶ್ಯಾವ್‌ಮಾನ್‌ಳನ್ನು ಹಳ್ಳಿಯಲ್ಲಿ ತನ್ನ ತಾಯಿಯ ಮಡಿಲಿಗೆ ಹಾಕಿ ಬಂದಿದ್ದಳು. ವರ್ಷಕ್ಕೊಮ್ಮೆ ಹೊಸವರ್ಷದ ಹಬ್ಬಕ್ಕೆ ಹೋಗಿ ಏಳು ದಿನ ಇರುತ್ತಿದ್ದಳು. ಮೊದಲೆರಡು ದಿನ ಮಗು ಅಜ್ಜಿಯ ಬೆನ್ನ ಹಿಂದೆ ಅವಿತಿರುತ್ತಿತ್ತು. ಹೊಂದಿಕೊಂಡು ತೊಡೆಯೇರುವಷ್ಟರಲ್ಲಿ ರೈಲಿನ ಹೊತ್ತಾಗಿರುತ್ತಿತ್ತು. ಶಾಂಘೈನಲ್ಲಿ ಅವಳ ಕೈತುತ್ತು ತಿಂದು ಬೆಳೆದದ್ದು ಶೆನ್ ಮನೆಯ ಮಗಳು ಟಿಂಗ್‌ಟಿಂಗ್. ಈಗ ಅಜ್ಜಿ ಇಲ್ಲ. ಶ್ಯಾವ್‌ಮಾನ್‌ಗೆ ಇಪ್ಪತ್ತೈದು, ವುಹು ಪಟ್ಟಣದ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಯ ಕೆಲಸ.

ರೈಲಿನಲ್ಲಿ ಕೂತು ಯಿನ್‌ದಿ ಪಟ್ಟಿ ಬರೆದಳು. ಇಪ್ಪತ್ತಮೂರು ಸಾಮಾನು. ಹತ್ತೊಂಬತ್ತು ವರ್ಷ ಕೊಡದೆ ಉಳಿದದ್ದನ್ನೆಲ್ಲ ಒಂದೇ ದಿನ ಕೊಟ್ಟುಬಿಡುವ ಆತುರ ಅವಳಿಗೆ.

ನಿಲ್ದಾಣದಲ್ಲಿ ಕಾದಿದ್ದ ಶ್ಯಾವ್‌ಮಾನ್ ಪಟ್ಟಿ ನೋಡಿ ನಕ್ಕಳು. “ಅಮ್ಮಾ, ನಾನು ಹೋಟ್ಲು ಇಡ್ತಿಲ್ಲ. ಒಲೆ ಎರಡು, ಕೈ ಎರಡು, ಹೊಟ್ಟೆ ಒಂದು.”

“ಒಂದು ಹೊಟ್ಟೆಗೂ ಚಾಕು ಬೇಕಲ್ವೇನೇ?”

“ಚಾಕು ಇರ್ಲಿ. ಈ ಮೀನು ಬೇಯಿಸೋ ಉದ್ದನೆ ಪಾತ್ರೆ ಬೇಡ. ಮೂರು ಥರ ಜರಡಿ ಬೇಡ.” ನಡೆಯುತ್ತಲೇ ಪೆನ್ನು ತೆಗೆದು ಒಂದೊಂದಕ್ಕೂ ಗೀಟು ಎಳೆಯುತ್ತ ಹೋದಳು. ಹಳೇಪೇಟೆ ಮುಟ್ಟುವ ಹೊತ್ತಿಗೆ ನಾಲ್ಕು ಉಳಿದಿದ್ದವು. ಬಾಣಲೆ, ಚಾಕು, ಹೆಚ್ಚುವ ಮಣೆ, ಬಿದಿರಿನ ಹಬೆಬುಟ್ಟಿ.

ಪಾತ್ರೆ ಅಂಗಡಿಯ ಮುದುಕ ಮಾವೊ ಬಾಗಿಲಲ್ಲೇ ಮೊರದಂಥ ಅಗಲ ಅಲಗಿನ ಚಾಕುಗಳನ್ನು ಹರವಿ ಕೂತಿದ್ದ. ಯಿನ್‌ದಿ ಒಂದನ್ನು ಎತ್ತಿ, ಹಿಡಿ ಸೇರುವ ಕಡೆ ಬೆರಳ ಮೇಲೆ ನಿಲ್ಲಿಸಿ ತೂಕ ನೋಡಿದಳು. ಅಲಗನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದಳು. ಕೆಳಗಿಟ್ಟು ಮತ್ತೊಂದು ಎತ್ತಿದಳು. ಹೀಗೆ ಏಳು ಆದವು.

“ಅಕ್ಕಾ, ಚಾಕು ತಗೋತೀರೋ, ಮಗಳಿಗೆ ಗಂಡು ಹುಡುಕ್ತಿದೀರೋ?” ಎಂದ ಮುದುಕ.

“ಗಂಡಾದ್ರೆ ಇಷ್ಟು ನೋಡ್ತಿರಲಿಲ್ಲ ಬಿಡಿ. ಚಾಕು ಜೊತೆ ಜಾಸ್ತಿ ದಿನ ಬಾಳಬೇಕು.”

ಮುದುಕ ತೊಡೆ ತಟ್ಟಿ ನಕ್ಕ. ಶ್ಯಾವ್‌ಮಾನ್ ಕೂಡ ನಕ್ಕಳು. ಯಿನ್‌ದಿಗೆ ಎದೆಯಲ್ಲಿ ಏನೋ ಅರಳಿದಂತಾಯಿತು. ಎಂಟನೆಯ ಚಾಕು ಒಪ್ಪಿಗೆಯಾಯಿತು. ಮಣೆಗಳನ್ನು ಒಂದೊಂದಾಗಿ ಮೂಸಿ, ಬೆರಳಗೆಣ್ಣಿನಿಂದ ಬಡಿದು, ಒಂದೇ ಮರದ ತುಂಡಿನಿಂದ ಕೊಯ್ದದ್ದನ್ನು ಆರಿಸಿದಳು. “ಅಂಟು ಹಾಕಿ ಜೋಡಿಸಿದ್ದು ಬೇಡ ಕಣೇ, ನೀರು ಕುಡಿದು ಬಾಯಿಬಿಡತ್ತೆ.”

“ಕೈ ಪಳಗಿದೆ ನಿಮ್ಮದು. ಮನೇಲಿ ಎಷ್ಟು ಚಾಕು ಇಟ್ಟಿದೀರಿ?” ಮುದುಕ ಕೇಳಿದ.

“ನಮ್ಮನೇಲಾ? ಐದಿವೆ. ಎಲುಬಿಗೇ ಬೇರೆ. ನಮ್ಮನೆ ಕಿಟಕಿ ಪಕ್ಕ ಉದ್ದಕ್ಕೆ ಒಂದು ಕಲ್ಲಿನ ಕಟ್ಟೆ ಇದೆ, ಅದರ ಮೇಲೆ—”

ಶ್ಯಾವ್‌ಮಾನ್ ಗೋಡೆಯಲ್ಲಿ ನೇತು ಹಾಕಿದ ಸೌಟುಗಳತ್ತ ತಿರುಗಿ ನಿಂತಿದ್ದಳು. ಯಿನ್‌ದಿಯ ಮಾತು ಅಲ್ಲಿಗೇ ನಿಂತಿತು. ನಮ್ಮನೆ! ಯಾರ ಮನೆ?

ತಪ್ಪನ್ನು ಮುಚ್ಚಿಕೊಳ್ಳಲು ಅವಳು ಗಡಿಬಿಡಿಯಲ್ಲಿ ಅಂಗೈಯಗಲದ ಹಬೆಬುಟ್ಟಿ ಎತ್ತಿದಳು. “ಇದನ್ನ ನೋಡೇ, ಎಷ್ಟು ಮುದ್ದಾಗಿದೆ! ಮೊಟ್ಟೆ ಕದಡಿ ಹಬೇಲಿ ಬೇಯಿಸಿಕೊಡ್ತೀನಿ. ನಿಂಗೆ ಅದು ಅಂದ್ರೆ ಪ್ರಾಣ ಅಲ್ವಾ?”

ಮಗಳು ನಿಧಾನವಾಗಿ ಈ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ಅದು ಟಿಂಗ್‌ಟಿಂಗ್‌ಗೆ ಅಮ್ಮಾ. ನಂಗೆ ಮೊಟ್ಟೆ ವಾಸನೇನೇ ಆಗಲ್ಲ.”

ಯಿನ್‌ದಿ ಬುಟ್ಟಿಯನ್ನು ಅದರ ಜಾಗದಲ್ಲೇ ಇಟ್ಟಳು. ಅದರ ಮುಚ್ಚಳವನ್ನು ಸರಿಪಡಿಸಿದಳು, ಮತ್ತೊಮ್ಮೆ ಸರಿಪಡಿಸಿದಳು. ಮುದುಕ ಲೋಟದಲ್ಲಿ ಚಹಾ ಇದೆಯೋ ಇಲ್ಲವೋ ಎಂದು ಇಣುಕತೊಡಗಿದ. ಟಿಂಗ್‌ಟಿಂಗ್ ಮೀನಿನ ಯಾವ ಭಾಗ ತಿನ್ನುತ್ತಾಳೆ, ಜ್ವರ ಬಂದರೆ ಗಂಜಿಗೆ ಏನು ಹಾಕಬೇಕು, ಎಲ್ಲ ಯಿನ್‌ದಿಗೆ ನಾಲಿಗೆ ತುದಿಯಲ್ಲಿತ್ತು. ತನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಬಗ್ಗೆ ಹುಡುಕಿದರೆ ಕೈಗೆ ಏನೂ ಸಿಗಲಿಲ್ಲ.

“ಹಂಗಾದ್ರೆ ನಿಂಗೇನು ಇಷ್ಟ, ಹೇಳು,” ಎಂದಳು ಕೊನೆಗೆ. ಕೇಳಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು ಅವಳಿಗೇ ನಾಚಿಕೆಯಾಯಿತು.

ಶ್ಯಾವ್‌ಮಾನ್ ಗೋಡೆಯ ಸೌಟೊಂದನ್ನು ಬೆರಳಿಂದ ತೂಗಿಬಿಟ್ಟಳು. “ಸೀಕಲು. ಅಜ್ಜಿ ಅನ್ನ ಮಾಡಿದಾಗ ತಳ ಹಿಡೀತಿತ್ತಲ್ಲ, ಅದನ್ನ ಹಪ್ಪಳದ ಥರ ಎಬ್ಬಿಸಿ, ಮೇಲೆ ಕಾಳು ಹುಳಿಬರಿಸಿ ಅರೆದ ಖಾರದ ಚಟ್ನಿ ಸವರಿ ಕೊಡ್ತಿದ್ಳು. ಶಾಲೆಗೆ ತಿನ್ಕೊಂಡೇ ಹೋಗ್ತಿದ್ದೆ.”

“ಕರುಂ ಕರುಂ ಅಂತ,” ಎಂದಳು ಯಿನ್‌ದಿ ತನಗರಿವಿಲ್ಲದೆ. “ಅಂಚಿಂದು ಮೊದಲು ಮುರ್ಕೊಂಡು, ನಡುವಿಂದು ಕೊನೆಗೆ.”

“ನಿಂಗೂ ಕೊಡ್ತಿದ್ಳಾ?”

“ಅವಳು ನಂಗೂ ಅಮ್ಮ ಅಲ್ವೇನೇ?”

ಮಗಳು ತಾಯಿಯನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಆ ಹಳ್ಳಿಯ ಒಲೆ ಈಗಿಲ್ಲ; ಅಜ್ಜಿ ಸತ್ತ ಮೇಲೆ ಸೋದರಮಾವ ಅದನ್ನು ಒಡೆಸಿ, ಬಾಣಲೆಯನ್ನು ಗುಜರಿಯವನಿಗೆ ಕೊಟ್ಟಿದ್ದ.

ಯಿನ್‌ದಿ ಬೆಳಿಗ್ಗೆಯಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಹಗುರ ಬಾಣಲೆಯನ್ನು ಬಿಟ್ಟಳು. “ಅಣ್ಣಾ, ಎರಕದ ಕಬ್ಬಿಣದ್ದು ಇದ್ಯಾ? ದಪ್ಪ ತಳದ್ದು, ಲೇಪ ಗೀಪ ಏನೂ ಇರಬಾರದು.”

ಮುದುಕ ಒಳಗಿಂದ ಎರಡು ಕೈಯಲ್ಲಿ ಒಂದನ್ನು ಹೊತ್ತು ತಂದ. ಯಿನ್‌ದಿ ಅದನ್ನು ಬಡಿದಳು. ಗಂಟೆಯಂಥ ಸದ್ದು ಬಂತು, ಬಿರುಕಿಲ್ಲ. “ಭಾರ ಇದೆ ಕಣೇ. ಒದ್ದೆ ಬಿಟ್ರೆ ತುಕ್ಕು ಹಿಡಿಯತ್ತೆ. ನಿಂಗೆ ಕಷ್ಟ ಆಗತ್ತೆ.”

“ಆಗ್ಲಿ ಬಿಡು,” ಎಂದಳು ಶ್ಯಾವ್‌ಮಾನ್. ತಳ ಕೆರೆಯುವುದಕ್ಕೊಂದು ಕಬ್ಬಿಣದ ಮಗುಚುವ ಕೈಯನ್ನೂ ಅವಳೇ ಆರಿಸಿದಳು.

ಐದನೇ ಮಹಡಿಯ ಆ ಪುಟ್ಟ ಅಡುಗೆಮನೆಯಲ್ಲಿ ತಾಯಿ ಮಗಳು ಬಾಣಲೆಯನ್ನು ತಿಕ್ಕಿ ತೊಳೆದು, ಕಾಯಿಸಿ, ಹಂದಿಯ ಕೊಬ್ಬನ್ನು ಸವರಿ ಸವರಿ ಪಳಗಿಸಿದರು. ಮಧ್ಯಾಹ್ನ ಅನ್ನ ಮಾಡಿದ್ದು ಶ್ಯಾವ್‌ಮಾನ್. ಯಿನ್‌ದಿ ಉರಿ ತಗ್ಗಿಸೆಂದು ಹೇಳಲು ಬಾಯಿ ತೆರೆದು, ಮುಚ್ಚಿಕೊಂಡಳು. ತಳ ಕರಕಲಾಯಿತು. ಇಬ್ಬರೂ ಕಹಿ ಚೂರುಗಳನ್ನು ಜಗಿದರು.

“ಹೇಗಿದೆ?” ಎಂದಳು ಶ್ಯಾವ್‌ಮಾನ್.

“ಇದ್ದಿಲು. ಆದ್ರೆ ಒಳ್ಳೇ ಜಾತಿ ಇದ್ದಿಲು.”

ಭಾನುವಾರ ಸಂಜೆಯ ರೈಲಿಗೆ ಯಿನ್‌ದಿ ಹೊರಟಳು. ಮಗಳ ಬಾಯಿಂದ ‘ಇನ್ನೊಂದು ದಿನ ಇರು’ ಎಂಬ ಮಾತು ಬರುತ್ತದೇನೋ ಎಂದು ಕೊನೆಯ ಗಳಿಗೆಯವರೆಗೂ ಕಾದಳು. ಶ್ಯಾವ್‌ಮಾನ್ ಅವಳ ಕೊರಳವಸ್ತ್ರವನ್ನು ಬಿಗಿ ಮಾಡಿ ಕಟ್ಟಿದಳು. ಅಷ್ಟೇ.

ಮೂರು ವಾರ ಕಳೆಯಿತು. ಶೆನ್ ಮನೆಯಲ್ಲಿ ಯಿನ್‌ದಿ ಸೊಪ್ಪು ಬಿಡಿಸುತ್ತಿದ್ದಾಗ ಫೋನು ಬಂತು.

“ಅಮ್ಮಾ, ಕೇಳು.” ಆ ಕಡೆಯಿಂದ ಕರುಂ ಎಂಬ ಸದ್ದು. “ಕೇಳಿಸ್ತಾ? ಇಡೀ ಚಕ್ಕೆ ಎದ್ದು ಬಂತು, ಒಂದು ಚೂರೂ ಅಂಟಲಿಲ್ಲ!”

ಯಿನ್‌ದಿಗೆ ಬಾಯಲ್ಲಿ ನೀರೂರಿತು, ಕಣ್ಣಲ್ಲೂ. ಕೈಯ ಸೊಪ್ಪನ್ನು ಕೆಳಗಿಟ್ಟಳು.

“ಅರ್ಧ ಎತ್ತಿಡೇ. ನಾಳೆ ಬರ್ತೀನಿ.”

“ಅಷ್ಟರಲ್ಲಿ ಮೆತ್ತಗಾಗತ್ತೆ ಅಮ್ಮಾ.”

“ಆಗ್ಲಿ. ನಂಗೆ ಮೆತ್ತಗಾದದ್ದೇ ಸಾಕು.”