ಹೂಕುಂಡದ ಸುತ್ತಲಿನ ಒಡೆದ ಕಲ್ಲು

ಬೀದಿ ನಲ್ಲಿಯ ಹತ್ತಿರ ಹುಟ್ಟಿದ ಸುದ್ದಿ ಮನೆ ಮುಟ್ಟುವಷ್ಟರಲ್ಲಿ ರೆಕ್ಕೆಪುಕ್ಕ ಕಟ್ಟಿಕೊಂಡಿತ್ತು. ಅಣು ವಿದ್ಯುತ್ ಸ್ಥಾವರದ ತ್ಯಾಜ್ಯವನ್ನು ಊರ ಹಿಂದಿನ ಬೆಟ್ಟದಡಿ ಹೂಳುತ್ತಾರಂತೆ, ಬಾವಿಗಳ ಕಥೆ ಮುಗಿಯಿತಂತೆ! ಚಿಕ್ಕಮ್ಮನ ಬಾವಿ ಇದ್ದದ್ದೇ ಆ ಬೆಟ್ಟದ ಬುಡದಲ್ಲಿ. ಸಾಲದ್ದಕ್ಕೆ, ಬೆಟ್ಟವನ್ನು ಪರೀಕ್ಷಿಸಲು ಬಂದ ಭೂವಿಜ್ಞಾನಿ ಅವಳೇ ಎತ್ತಿ ಆಡಿಸಿದ ಹುಡುಗಿ, ಗಂಡನ ಅಣ್ಣನ ಮಗಳು.

“ಬೇರೆ ಬೆಟ್ಟ ಸಿಗಲಿಲ್ವೇನೇ ನಿಂಗೆ?” ಎಂದು ಚಿಕ್ಕಮ್ಮ ಚಹಾ ಲೋಟ ಕುಕ್ಕಿದಳು. ಕುಕ್ಕಿದರೇನು, ಸಕ್ಕರೆ ಮಾತ್ರ ಒಂದು ಚಮಚ ಹೆಚ್ಚೇ ಹಾಕಿದ್ದಳು.

“ಇಲ್ಲೇ ಹೂಳ್ತೀವಿ ಅಂತ ಯಾರೂ ಹೇಳಿಲ್ಲ ಚಿಕ್ಕಮ್ಮ. ಈ ಬೆಟ್ಟ ಆಗುತ್ತೋ ಇಲ್ವೋ ಅಂತ ನೋಡ್ತಿದೀವಿ. ಆ ವಿಷ ಇಳಿಯೋಕೆ ಲಕ್ಷಾಂತರ ವರ್ಷ ಬೇಕು. ಅಲ್ಲಿವರೆಗೂ ಬಂಡೆ ಅಲುಗಬಾರದು, ಒಳಗೆ ನೀರು ಹರಿಬಾರದು. ನೀರು ನುಗ್ಗಿದ್ರೆ ವಿಷಾನೂ ಹೊತ್ಕೊಂಡು ಬರುತ್ತೆ.”

“ಲಕ್ಷ ವರ್ಷದ ಭವಿಷ್ಯ ಹೇಳೋಕೆ ನೀನೇನು ಜ್ಯೋತಿಷಿನಾ?”

“ನಾನಲ್ಲ, ಕಲ್ಲು ಹೇಳುತ್ತೆ. ಹಿಂದೆ ಎಲ್ಲಿ ಬಿರುಕು ಬಿಡ್ತು, ಎಲ್ಲಿ ನೀರು ಹರೀತು, ಎಲ್ಲ ಅದರ ಮೈಮೇಲಿರುತ್ತೆ. ಅದನ್ನ ನೋಡಿ ಮುಂದಿಂದು ಅಂದಾಜು ಮಾಡ್ತೀವಿ. ಚಿಕ್ಕಪ್ಪ ಕೊರೆದು ತೆಗೆದ ಕಲ್ಲಲ್ಲಂತೂ ಒಂದು ಬಿರುಕೂ ಇಲ್ಲ!”

ಬೆಟ್ಟದಲ್ಲಿ ಕೊರೆಯುವ ಯಂತ್ರ ನಡೆಸುವ ಚಿಕ್ಕಪ್ಪನಿಗೆ ಇದ್ದಕ್ಕಿದ್ದಂತೆ ಖಾಲಿ ಲೋಟದಲ್ಲಿ ಬಹಳ ಆಸಕ್ತಿ ಹುಟ್ಟಿತು. ಈ ಮನುಷ್ಯ ಏನೋ ಎಡವಟ್ಟು ಮಾಡಿದ್ದಾರೆ ಎಂದು ಚಿಕ್ಕಮ್ಮನಿಗೆ ಆಗಲೇ ಹೊಳೆಯಿತು.

ಲೋಟ ತೊಳೆಯಲು ಹಿತ್ತಲಿಗೆ ಹೋದ ಹುಡುಗಿ ಅಲ್ಲೇ ನಿಂತುಬಿಟ್ಟಳು. ಹೂಕುಂಡಗಳ ಸುತ್ತ ಕೊರೆಯುವ ಯಂತ್ರದಿಂದ ಬರುವಂಥ, ದುಂಡು ಕೋಲಿನಾಕಾರದ ಒಡಕು ಕಲ್ಲುಗಳು. ಒಡೆದ ಮೈಯಲ್ಲಿ ತುಕ್ಕಿನ ಬಣ್ಣದ ಕಲೆ.

“ಚಿಕ್ಕಪ್ಪಾ, ಇವು ಎಲ್ಲಿಂದ ಬಂದ್ವು?”

“ಕುಂಡಕ್ಕೆ ಚೆನ್ನಾಗಿರುತ್ತೆ ಅಂತ ಇವರೇ ತಂದ್ಕೊಟ್ರಲ್ಲ!” ಎಂದಳು ಚಿಕ್ಕಮ್ಮ.

ಚಿಕ್ಕಪ್ಪ ತಲೆ ಕೆರೆದುಕೊಂಡ. “ಒಂದು ಕಡೆ ಕೊರೆದಾಗ ಕಲ್ಲು ಚೂರುಚೂರಾಗಿ ಬಂತು ಕಣಮ್ಮಾ. ಯಂತ್ರಕ್ಕೆ ಬಿಟ್ಟ ನೀರೂ ಅಲ್ಲೇ ಇಂಗಿಹೋಯ್ತು. ನಿನ್ನ ಬೆಟ್ಟ ದೊಡ್ಡವರ ಮುಂದೆ ಫೇಲಾಗಬಾರದು ಅಂತ ನಿನಗೆ ಕಳಿಸೋ ಪೆಟ್ಟಿಗೇಲಿ ಒಳ್ಳೆ ಕಲ್ಲಷ್ಟೇ ಜೋಡಿಸಿದೆ.”

“ಅವಳ ಬೆಟ್ಟ ಪಾಸಾಗಲಿ ಅಂತ ನನ್ನ ಬಾವಿ ಬಲಿ ಕೊಡ್ತಿದ್ರಾ?”

ಹುಡುಗಿಯ ಕಣ್ಣು ತುಂಬಿತ್ತು, ಆದರೂ ನಕ್ಕಳು. “ಬಿರುಕಿದ್ದ ಕಡೆ ನೀರು ಓಡಾಡಿದೆ, ಈ ಕಲೆ ಅದರದ್ದೇ. ನಾನು ಹುಡುಕ್ತಿದ್ದದ್ದೇ ಈ ಕಲ್ಲನ್ನ. ಬೆಟ್ಟ ಫೇಲಾಗಲಿ ಬಿಡು ಚಿಕ್ಕಪ್ಪ. ಬೇಡ ಅನ್ನೋದೂ ನನ್ನ ಕೆಲಸಾನೇ.”

ಆ ಮಾತಿಗೆ ಚಿಕ್ಕಮ್ಮನ ಕೋಪವೆಲ್ಲ ಕರಗಿಹೋಯಿತು. ಬೇಡ ಎನ್ನಲು ಹೆದರದವಳು ಒಂದು ದಿನ ಇನ್ನೊಂದು ಬೆಟ್ಟಕ್ಕೆ ಸರಿ ಎಂದರೆ ನಂಬಬಹುದು ಎನಿಸಿತು. ಬಕೆಟ್ ತಂದು ಕಲ್ಲುಗಳನ್ನು ತಾನೇ ಆರಿಸಿ ತುಂಬಿದಳು. ಬಕೆಟ್ ಹೊರುವ ಶಿಕ್ಷೆ ಮಾತ್ರ ಚಿಕ್ಕಪ್ಪನಿಗೆ.

ಆ ಕಲ್ಲು ಬಂದ ಜಾಗದ ಪಕ್ಕದಲ್ಲಿ ಮತ್ತೆ ಕೊರೆದಾಗಲೂ ಅದೇ ಬಿರುಕು ಸಿಕ್ಕಿತು. ಆ ಬೆಟ್ಟ ಬೇಡವೆಂದು ವರದಿ ಬರೆದದ್ದು ಹುಡುಗಿಯೇ.

ನಿಮ್ಮೂರಿಗೂ ನಾಳೆ ಕಲ್ಲು ಕೊರೆಯುವವರು ಬರಬಹುದು. ಗಾಳಿಮಾತಿಗೆ ಹೆದರಬೇಡಿ, ಸಭೆಗೆ ಹೋಗಿ. ಬತ್ತಿದ ಒರತೆ, ಹಳೆಯ ಬಾವಿ, ಅದುರಿದ ನೆಲ, ನಿಮಗೆ ಗೊತ್ತಿದ್ದದ್ದನ್ನೆಲ್ಲ ಹೇಳಿ. ನುಣುಪಾದ ಕಲ್ಲು ತೋರಿಸಿದರೆ ನೋಡಿ ಸಂತೋಷಪಡಿ. ಆಮೇಲೆ ಒಡೆದದ್ದೆಲ್ಲಿ ಎಂದು ಕೇಳಿ.