ವಾಪಸು ಬರಬೇಕಾದ ಮಷೀನು

ಸುರಭಿ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಆಕ್ಸಿಜನ್ ಮಷೀನಿನ ನೀರಿನ ಬಾಟಲಿ ತೊಳೆಯುತ್ತಿದ್ದಳು. ಒಳಗೆ ಬ್ರಷ್ಷು ತಿರುಗಿಸಿದಳು. ಕಾಯಿಸಿ ಆರಿಸಿದ ನೀರು ಹಾಕಿ ಕುಲುಕಿ ಚೆಲ್ಲಿದಳು, ಮತ್ತೆ ಹಾಕಿ ಚೆಲ್ಲಿದಳು. ಹನ್ನೊಂದು ದಿನದಿಂದ ಪ್ರತಿ ಬೆಳಿಗ್ಗೆ ಮಾಡುತ್ತಿದ್ದ ಕೆಲಸ. ಇವತ್ತೂ ಮಾಡು ಎಂದು ಯಾರೂ ಹೇಳಿರಲಿಲ್ಲ.

ಮೇಲಿನ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಉಳಿದವರೆಲ್ಲ ಕೆಳಗೆ, ಗೇಟಿನ ಮುಂದೆ ಹಾಕಿದ ಶಾಮಿಯಾನದಲ್ಲಿದ್ದರು. ಬೆಳಗಿನ ಜಾವ ತೀರಿಕೊಂಡ ಅವಳ ತಾತ, ನಿವೃತ್ತ ಹವಾಲ್ದಾರ್ ಬೋರಯ್ಯ, ಅಲ್ಲಿ ಬೆಂಚಿನ ಮೇಲೆ ದಕ್ಷಿಣಕ್ಕೆ ತಲೆ ಮಾಡಿ ಮಲಗಿದ್ದರು. ಬಾಡಿಗೆಯವರು ತಮ್ಮ ಸ್ಕೂಟರುಗಳನ್ನು ಬೀದಿಯ ಆಚೆಗೆ ನಿಲ್ಲಿಸಿ ಜಾಗ ಮಾಡಿಕೊಟ್ಟಿದ್ದರು.

ಬಾಟಲಿಯನ್ನು ಒರೆಸಿ ಮಷೀನಿಗೆ ಸಿಕ್ಕಿಸಿದಳು. ಅದು ಅವಳ ಮಂಡಿಯೆತ್ತರದ್ದು, ಅಡಿಯಲ್ಲಿ ನಾಲ್ಕು ಚಕ್ರ, ಭಾರ ಮಾತ್ರ ಅರ್ಧ ಮೂಟೆ ಅಕ್ಕಿಯಷ್ಟು. ತಾತನ ಮೂಗಿಗಿದ್ದ ಪೈಪನ್ನು ಕಸಕ್ಕೆ ಹಾಕಿ, ಬಿಚ್ಚದ ಹೊಸ ಪೈಪಿನ ಪೊಟ್ಟಣವನ್ನು ಹಿಡಿಗೆ ಕಟ್ಟಿದಳು. ಮಷೀನಿನ ಬೆನ್ನಿಗೆ ಅಂಟಿಸಿದ್ದ ಬಿಳಿ ಪ್ಲಾಸ್ಟರಿನ ಮೇಲೆ ಪೆನ್ನಿನಲ್ಲಿ ಬರೆದ ಮೂರು ಹೆಸರಿದ್ದವು. ಮೂರನೆಯದು ಬೋರಯ್ಯನವರದು. ಅದನ್ನು ಹಾಗೇ ಬಿಟ್ಟಳು.

ಒಂಬತ್ತು ಗಂಟೆಗೇ ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿಗೆ ಫೋನು ಮಾಡಿದ್ದಳು. ಹೀಗೆ ತಾತ ಹೋಗಿಬಿಟ್ಟರು, ಮಷೀನನ್ನು ಪಟ್ಟಿಯಲ್ಲಿ ಮುಂದಿರುವವರಿಗೆ ಇವತ್ತೇ ಕೊಡಬಹುದಾ ಎಂದು ಕೇಳಿದ್ದಳು. ಆ ಕಡೆಯವನು ಮರಣ ಪ್ರಮಾಣಪತ್ರ, ಅಸಲು ಆರೋಗ್ಯ ಕಾರ್ಡು, ವಾಪಸಾತಿ ಫಾರಂ ಎಂದು ಓದಿದ. ಫಾರಂ ಮೇಲೆ ಪೇಷಂಟೇ ಸಹಿ ಹಾಕಬೇಕು ಎಂದ. ಪೇಷಂಟೇ ಹೋಗಿದ್ದಾರಲ್ಲ ಎಂದಾಗ, ಸ್ಟೋರಿನವರು ರಜದ ಮೇಲಿದ್ದಾರೆ, ಬುಧವಾರ ಬಂದು ಕೇಳಿ ಎಂದ. ಅಲ್ಲಿಯವರೆಗೆ ಮನೆಯಲ್ಲೇ ಇಟ್ಟಿರಿ, ಬೇರೆ ಯಾರಿಗೂ ಕೊಡುವ ಹಾಗಿಲ್ಲ, ಅದು ಸರ್ಕಾರದ್ದು.

ಅವತ್ತು ಶನಿವಾರ.

*

ಏಳು ತಿಂಗಳ ಹಿಂದೆ ಅದೇ ಪಾಲಿಕ್ಲಿನಿಕ್ಕಿನ ಡಾಕ್ಟರು ಬೋರಯ್ಯನವರ ಬೆರಳಿಗೆ ಕ್ಲಿಪ್ಪು ಹಾಕಿ ನೋಡಿ, ದಿನಕ್ಕೆ ಹದಿನೈದು ಗಂಟೆ ಆಕ್ಸಿಜನ್ ಬೇಕು ಎಂದು ಚೀಟಿ ಬರೆದಿದ್ದರು. ಚೀಟಿಯ ಆಯಸ್ಸು ಮೂವತ್ತು ದಿನ. ಅಷ್ಟರಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಅಲ್ಲಿಯವರ ಸಹಿ ತರಬೇಕು. ಅವರು ಕೊಟ್ಟ ಪಟ್ಟಿಯಲ್ಲಿದ್ದ ಮೊದಲ ಆಸ್ಪತ್ರೆಯ ಕೌಂಟರಿನ ಗಾಜಿಗೆ ‘ಮಾಜಿ ಸೈನಿಕರ ಕಾರ್ಡು ಸದ್ಯಕ್ಕೆ ನಡೆಯುವುದಿಲ್ಲ’ ಎಂದು ಅಂಟಿಸಿದ್ದರು. ಎರಡನೆಯ ಆಸ್ಪತ್ರೆ ನಲವತ್ತನೇ ದಿನಕ್ಕೆ ಬರಹೇಳಿತು. ಚೀಟಿ ಸತ್ತಿತು. ಮತ್ತೆ ಮೊದಲಿನಿಂದ.

ಪ್ರತಿ ಸಲವೂ ಬೋರಯ್ಯ ಹಿಂದಿನ ಸಂಜೆಯೇ ಬೂಟಿಗೆ ಪಾಲಿಶ್ ಹಾಕಿಡುತ್ತಿದ್ದರು. ಲಡಾಖಿನ ರಸ್ತೆಗಳಲ್ಲಿ ಹದಿನೆಂಟು ವರ್ಷ ಲಾರಿ ಓಡಿಸಿದವರು, ಚಿಕ್ಕಲಸಂದ್ರದ ತಮ್ಮ ಮನೆಯ ಹದಿನೆಂಟು ಮೆಟ್ಟಿಲಿಳಿಯಲು ಮೂರು ಕಡೆ ಕೂರುತ್ತಿದ್ದರು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ಮನೆಯಲ್ಲಿದ್ದ ಸುರಭಿ ಫೈಲು ಹಿಡಿದು ಜೊತೆಗೆ ಹೋಗುತ್ತಿದ್ದಳು.

ಎಲ್ಲ ಸಹಿಗಳೂ ಸೇರಿದ ದಿನ ಸ್ಟೋರಿನ ಗುಮಾಸ್ತ ಮಷೀನು ಇಲ್ಲ ಎಂದ. ಯಾರಾದರೂ ವಾಪಸು ಕೊಟ್ಟರೆ ಫೋನು ಬರುತ್ತದೆ, ನಿಮ್ಮದು ಆರನೇ ನಂಬರು.

“ವಾಪಸ್ ಯಾವಾಗ ಕೊಡ್ತಾರೆ ಸಾರ್?” ಬೋರಯ್ಯ ಕೇಳಿದರು.

ಗುಮಾಸ್ತ ರಿಜಿಸ್ಟರಿನಿಂದ ತಲೆಯೆತ್ತಲಿಲ್ಲ. “ಬೇಡ ಆದಾಗ.”

ಪಕ್ಕದ ಬೆಂಚಿನಲ್ಲಿ ಏಳನೇ ನಂಬರಿನವರು ಕೂತಿದ್ದರು. ವಸಂತಪುರದ ರಾಮಪ್ರಸಾದ, ಸೇನೆಯಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಬೋರಯ್ಯ ಬಂದು ಪಕ್ಕದಲ್ಲಿ ಕೂತದ್ದನ್ನು ಕಂಡು ಅವರು ಇತ್ತ ವಾಲಿದರು.

“ಹವಾಲ್ದಾರ್ರೇ, ಇದೊಂದು ಪಲ್ಟನ್ ವಿಚಿತ್ರ. ಮುಂದಿನವನು ಬಿದ್ದಾಗ್ಲೇ ಹಿಂದಿನವನಿಗೆ ಪ್ರಮೋಷನ್ನು.”

ಇಬ್ಬರಿಗೂ ನಗು ಬಂತು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಸೆಕ್ಯುರಿಟಿಯವನು ಬಂದು ಹೊರಗೆ ಹೋಗಿ ಕೆಮ್ಮಿ ಎಂದ.

*

ಸುರಭಿ ಕೆಳಗಿಳಿದು ಬಂದಾಗ ರಾಮಪ್ರಸಾದ ಬಂದಿದ್ದರು. ಆಟೋದಿಂದ ಶಾಮಿಯಾನಕ್ಕೆ ಹತ್ತು ಹೆಜ್ಜೆ. ಅಷ್ಟಕ್ಕೇ ಕಂಬ ಹಿಡಿದು ನಿಂತಿದ್ದರು. ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ಬೋರಯ್ಯನವರ ಕಾಲ ಬಳಿ ಹೂವಿಟ್ಟು, ಬಗ್ಗಿದವರು ಏಳಲಾರದೆ ಬೆಂಚಿನ ಅಂಚು ಹಿಡಿದುಕೊಂಡರು. ಸುರಭಿ ಅವರ ರಟ್ಟೆ ಹಿಡಿದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದಳು. ಆಟೋದವನಿಗೆ ನಿಂತಿರಣ್ಣ, ಸಾಮಾನಿದೆ ಎಂದಳು.

“ಬೇಡ ಮಗು,” ರಾಮಪ್ರಸಾದ ಒಂದೊಂದೇ ಮಾತಿಗೆ ಉಸಿರು ಹುಡುಕಿದರು. “ಅದಕ್ಕೆ ಬಂದಿದ್ದಲ್ಲ. ನಿಮ್ಮ ತಾತನ್ನ ನೋಡಕ್ಕೆ ಬಂದೆ.”

ಹಿಂದಿನ ಸಾಲಿನಲ್ಲಿ ಯಾರೋ ದನಿ ತಗ್ಗಿಸದೆ ಹೇಳಿದರು. “ಮಷೀನು ಖಾಲಿ ಆಯ್ತು ಅಂತ ಗೊತ್ತಾಗಿದೆ. ಹದ್ದು ಬಂದಂಗೆ ಬಂದವ್ನೆ ನೋಡು.”

ರಾಮಪ್ರಸಾದ ಕೇಳಿಸಿಕೊಂಡರು. ಎದ್ದು ಹೋಗಬೇಕೆಂದಿರಬೇಕು, ಕುರ್ಚಿಯ ಕೈ ಹಿಡಿದರು. ಆಗಲಿಲ್ಲ. ತಲೆ ತಗ್ಗಿಸಿ ಕೂತರು.

ಸುರಭಿಯ ಅಪ್ಪ ರವಿಕಿರಣ್ ಫೋನಿನಲ್ಲಿ ಹೂವಿನ ಗಾಡಿಯವನಿಗೆ ದಾರಿ ಹೇಳುತ್ತಿದ್ದ. ಅವಳು ಪಕ್ಕ ನಿಂತು ಕಾದು ವಿಷಯ ಹೇಳಿದಳು. ಇಬ್ಬರು ಕೈ ಹಾಕಿದರೆ ಐದು ನಿಮಿಷದ ಕೆಲಸ. ಅವನು ಫೋನಿಗೆ ಕೈ ಅಡ್ಡ ಹಿಡಿದು, ಆಮೇಲೆ ನೋಡೋಣ, ಮೊದಲು ದೊಡ್ಡಪ್ಪನ್ನ ಕೇಳು ಎಂದ.

ದೊಡ್ಡಪ್ಪ ಎಂದರೆ ಬೋರಯ್ಯನವರ ಅಣ್ಣ ಚಿಕ್ಕಬೈರಪ್ಪ. ಊರು ಬಡಾವಣೆಯಾಗಿ ಹೊಲಗಳೆಲ್ಲ ಸೈಟುಗಳಾದರೂ, ಸಾವಿನ ಮನೆಯ ನೇಮ ಹೇಳುವವರು ಅವರೇ. ಅವರು ಕಾಫಿಯ ಲೋಟ ಕೆಳಗಿಟ್ಟರು.

“ಹೆಣ ಇನ್ನೂ ಎತ್ತಿಲ್ಲ, ಆಗ್ಲೇ ಸಾಮಾನು ಸಾಗಿಸ್ತೀಯೇನೇ? ಸೂತಕದ ಮನೆ ಇದು. ಹನ್ನೊಂದು ದಿನ ಒಂದು ಕಲ್ಲುಪ್ಪೂ ಹೊಸಿಲು ದಾಟಬಾರದು.”

“ಅವರಿಗೆ ಉಸಿರು ಸಿಗ್ತಿಲ್ಲ ತಾತ.”

“ಸತ್ತೋನ ಮೂಗಿಗಿದ್ದಿದ್ದು ಬದುಕಿರೋನಿಗೆ ಇಡ್ತಾರಾ? ಅಸಹ್ಯ ಅನ್ಸಲ್ವಾ ನಿಂಗೆ?”

“ನಮ್ಮ ತಾತನೂ ಸತ್ತೋರದ್ದೇ ಇಟ್ಕೊಂಡಿದ್ರು,” ಎಂದಳು ಸುರಭಿ. ದನಿ ಅವಳಿಗೇ ಕೇಳಿಸುವಷ್ಟಿತ್ತು. ಚಿಕ್ಕಬೈರಪ್ಪ ಆಗಲೇ ಬೇರೆ ಕಡೆ ತಿರುಗಿದ್ದರು.

*

ಮಷೀನು ಬಂದ ದಿನ ಬೋರಯ್ಯ ಮಂಚದಲ್ಲಿ ಕೂತೇ ಅದನ್ನು ಸುತ್ತಲೂ ನೋಡಿದ್ದರು. ಹಿಡಿಗೆ ಕಟ್ಟಿದ್ದ ಚೀಟಿಯಲ್ಲಿ ಅದು ಸ್ಟೋರಿಗೆ ವಾಪಸಾದ ತಾರೀಖಿತ್ತು. ಲೆಕ್ಕ ಹಾಕಿದರೆ ಐದು ವಾರ. ಐದು ವಾರ ಅದು ಬೀಗದ ಹಿಂದೆ ನಿಂತಿತ್ತು. ಅದೇ ಐದು ವಾರ ಇವರು ಗೋಡೆಗೆ ದಿಂಬು ಕೊಟ್ಟುಕೊಂಡು ಕೂತೇ ನಿದ್ದೆ ಮಾಡಿದ್ದರು. ಅಜ್ಜಿ ಅಂಜನಮ್ಮ ಅಷ್ಟೂ ದಿನ ಬೀಸಣಿಗೆ ಬೀಸಿದ್ದಳು.

ಪ್ಲಾಸ್ಟರಿನ ಮೇಲಿದ್ದ ಎರಡು ಹೆಸರನ್ನು ಬೋರಯ್ಯ ಹಾಜರಿ ಕರೆಯುವವರ ಹಾಗೆ ಗಟ್ಟಿಯಾಗಿ ಓದಿದರು. ಯಾವ ಪಲ್ಟನ್ನಿನವರೋ ಎಂದರು. ಆಮೇಲೆ ಸುರಭಿಯ ಕೈಗೆ ಪೆನ್ನು ಕೊಟ್ಟು ತಮ್ಮ ಹೆಸರನ್ನೂ ಬರೆಯಹೇಳಿದರು.

“ಚಿಕ್ಕದಾಗಿ ಬರಿ. ಕೆಳಗೆ ಜಾಗ ಇರ್ಲಿ.”

ಅವಳು ಬರೆದಳು.

“ನಾನು ಹೋದ ದಿನ ಇದನ್ನ ಆಫೀಸಿಗೆ ಕೊಡಬೇಡ. ಕೊಟ್ರೆ ಮತ್ತೆ ರೂಮಲ್ಲಿ ಕೂರತ್ತೆ. ಸೀದಾ ರಾಮಪ್ರಸಾದನ ಮನೆಗೆ ಕಳಿಸು. ಅವತ್ತೇ ಕಳಿಸು. ಆಮೇಲೆ ಬೈಸ್ಕೊಂಡ್ರೂ ಪರವಾಗಿಲ್ಲ.”

ಅವಳು ಆಗಲಿ ಎಂದಿದ್ದಳು. ಬೋರಯ್ಯ ಮೂಗಿಗೆ ಪೈಪು ಸಿಕ್ಕಿಸಿಕೊಂಡು, ಏಳು ತಿಂಗಳಲ್ಲಿ ಮೊದಲ ಸಲ ಮಲಗಿ ನಿದ್ದೆ ಮಾಡಿದರು.

*

ಹನ್ನೊಂದೂವರೆಗೆ ಮಾಜಿ ಸೈನಿಕರ ಸಂಘದ ಅಧ್ಯಕ್ಷ ಶಾಮಣ್ಣ ನಾಲ್ಕು ಜನರೊಂದಿಗೆ ಬಂದರು. ಕೈಯಲ್ಲಿ ದೊಡ್ಡ ಹೂಚಕ್ರ, ಜೊತೆಗೆ ಸಂಘದ ಬ್ಯಾನರು. ಮಷೀನಿನ ಅರ್ಜಿ ಹಿಡಿದು ಬೋರಯ್ಯ ಮೂರು ಸಲ ಇವರ ಮನೆಗೆ ಹೋಗಿದ್ದರು. ಮೂರು ಸಲವೂ ಸಾಹೇಬರು ಪೂಜೆಯಲ್ಲಿದ್ದರು.

ಸುರಭಿ ಧೈರ್ಯ ಮಾಡಿ ಅವರ ಹತ್ತಿರ ಹೋದಳು. ನೀವು ಪಾಲಿಕ್ಲಿನಿಕ್ಕಿಗೆ ಒಂದು ಮಾತು ಹೇಳಿದರೆ ಮಷೀನನ್ನು ರಾಮಪ್ರಸಾದರಿಗೆ ಕೊಡಲು ನಮ್ಮ ಮನೆಯವರೂ ಒಪ್ಪುತ್ತಾರೆ ಸಾರ್ ಎಂದಳು. ಶಾಮಣ್ಣ ರಾಮಪ್ರಸಾದರ ಕಡೆ ನೋಡಿದರು. ಗುರುತು ಸಿಕ್ಕಿತು, ಕೈಯನ್ನೂ ಎತ್ತಿದರು.

“ನೋಡಮ್ಮಾ, ಸರ್ಕಾರಿ ವಸ್ತು ಅಂದ್ಮೇಲೆ ಪ್ರೊಸೀಜರ್ ಅಂತ ಇರತ್ತೆ. ಫೌಜಿ ಆದೋನು ರೂಲ್ ಮುರಿಯಲ್ಲ. ಬುಧವಾರ ಆಗ್ಲಿ, ನಾನೇ ಮಾತಾಡ್ತೀನಿ.”

ಬ್ಯಾನರು ಬಿಡಿಸಿ ಹಿಡಿದರು. ಫೋಟೋ ತೆಗೆಯುವವನು ಎದುರು ಬೆಳಕು ಎಂದ. ಶಾಮಣ್ಣ ಬೋರಯ್ಯನವರನ್ನು ಒಂದು ಸಲ, ಶಾಮಿಯಾನವನ್ನು ಒಂದು ಸಲ ನೋಡಿ, ಬೆಂಚನ್ನು ಸ್ವಲ್ಪ ಈ ಕಡೆ ತಿರುಗಿಸಿ, ಮುಖ ಚೆನ್ನಾಗಿ ಬರಲಿ ಎಂದರು. ಆರು ಜನ ತಕ್ಷಣ ಬಂದರು. ಎರಡು ಕಡೆ ಹಿಡಿದು ಎತ್ತಿ ತಿರುಗಿಸಿದರು. ದಕ್ಷಿಣಕ್ಕಿದ್ದ ತಲೆ ಪಶ್ಚಿಮಕ್ಕೆ ಬಂತು, ತಲೆದೆಸೆಯ ದೀಪ ಉರುಳಿ ಆರಿತು. ಸುರಭಿ ಚಿಕ್ಕಬೈರಪ್ಪನವರ ಮುಖ ನೋಡಿದಳು. ಅವರು ಹೆಗಲ ಮೇಲಿನ ಶಾಲು ಸರಿ ಮಾಡಿಕೊಂಡು ಬ್ಯಾನರಿನ ಬಲಗಡೆಗೆ ಬಂದು ನಿಂತರು. ಶಾಮಣ್ಣ ಸೆಲ್ಯೂಟ್ ಹೊಡೆದರು. ಸರಿಯಾಗಿ ಬರಲಿಲ್ಲವೆಂದು ಇನ್ನೊಂದು ಸಲ ಹೊಡೆದರು.

ಸುರಭಿ ಮೆಟ್ಟಿಲು ಹತ್ತಿದಳು.

ಅಜ್ಜಿ ಅಂಜನಮ್ಮ ಕೆಳಗಿನಿಂದ ಎದ್ದು ಬಂದು ಆಗಲೇ ಕೋಣೆಯಲ್ಲಿದ್ದಳು. ಗೋಡೆಯ ಪ್ಲಗ್ಗಿನಿಂದ ವೈರು ಕಿತ್ತು, ಸುತ್ತಿ, ಮೊಮ್ಮಗಳ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಮಷೀನನ್ನು ಹಾಲಿಗೆ ತಳ್ಳಿದರು. ಚಕ್ರ ಹೊಸಿಲಿಗೆ ತಡೆಯಿತು. ಅಜ್ಜಿ ಮುಂದಿನಿಂದ ಎತ್ತಿದಳು, ಸುರಭಿ ಹಿಂದಿನಿಂದ ದೂಡಿದಳು. ಅದು ದಡಕ್ಕನೆ ದಾಟಿತು. ಮೆಟ್ಟಿಲ ತುದಿಗೆ ಬರುವಷ್ಟರಲ್ಲಿ ಅಜ್ಜಿ ಸೊಂಟ ಹಿಡಿದು ಗೋಡೆಗೆ ಒರಗಿದಳು. ಮುಂದೆ ಹದಿನೆಂಟು ಮೆಟ್ಟಿಲು.

ಕೆಳಗೆ ಗಂಡಸರೆಲ್ಲ ಎದ್ದು ನಿಂತಿದ್ದರು. ಐವತ್ತು ಜನರಿಗೆ ಕಡಿಮೆಯಿಲ್ಲ. ಇನ್ನು ಹತ್ತು ನಿಮಿಷಕ್ಕೆ ಹೆಣ ಎತ್ತುತ್ತಾರೆ, ಅದರ ಹಿಂದೆ ಎಲ್ಲರೂ ಹೋಗುತ್ತಾರೆ, ಇಲ್ಲಿ ಉಳಿಯುವವರು ಹೆಂಗಸರು. ಆಟೋದವನು ಹಾರ್ನ್ ಒತ್ತಿದ. ರಾಮಪ್ರಸಾದ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತಿದ್ದರು. ಅವರ ಪಕ್ಕದ ಕುರ್ಚಿಗಳು ಖಾಲಿಯಾಗಿದ್ದವು.

ಅಷ್ಟು ಜನ ಗಂಡಸರ ಮುಂದೆ ಸುರಭಿ ಯಾವತ್ತೂ ದನಿ ಎತ್ತಿದವಳಲ್ಲ. ಮಷೀನಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಕೆಳಗೆ ಬಾಗಿದಳು.

“ಅಣ್ಣ, ಇದನ್ನ ಆಟೋವರೆಗೆ ಇಳಿಸಿಕೊಡ್ತೀರಾ? ಇಬ್ಬರು ಸಾಕು.”

ಮುಖಗಳು ಮೇಲಕ್ಕೆ ಎದ್ದವು. ಆಮೇಲೆ ಒಂದೊಂದಾಗಿ ಚಿಕ್ಕಬೈರಪ್ಪನವರ ಕಡೆ, ಫೋನುಗಳ ಕಡೆ, ಗೇಟಿನ ಕಡೆ ತಿರುಗಿದವು. ತಮಟೆಯವನು ಒಣಹುಲ್ಲಿನ ಬೆಂಕಿಗೆ ಹಿಡಿದಿದ್ದ ತಮಟೆಯನ್ನು ಬೆರಳಿನಿಂದ ತಟ್ಟಿ ನೋಡಿದ.

“ಇಬ್ಬರು ಸಾಕು,” ಎಂದಳು ಸುರಭಿ.