ಮೂರು ನಂಬ್ರದ ಫೀಡರ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಯಾರಾದರೂ ಫೋನ್ ಮಾಡಿ "ಕರೆಂಟ್ ಯಾಕೆ ತೆಗೆದಿರಿ?" ಎಂದು ಕೇಳಿದರೆ ಇನ್ನೂ ಬೇಗ. ತೆಗೆಯುವುದು ನನಗೇನು ಖುಷಿಯ ಕೆಲಸವಾ? ಮಸ್ಕತ್ತಿನ ವಿದ್ಯುತ್ ಕಂಟ್ರೋಲ್ ರೂಮಿನಲ್ಲಿ ಹನ್ನೊಂದು ವರ್ಷ ಕೂತವ ನಾನು, ಬಂಟ್ವಾಳದ ಸೇಸಪ್ಪ. ಗೋಡೆಯಷ್ಟು ದೊಡ್ಡ ಪ್ಯಾನೆಲ್, ಅದರ ಮೇಲೆ ಇಡೀ ಊರಿನ ಲೈನುಗಳ ನಕ್ಷೆ, ಒಂದೊಂದು ಲೈನಿಗೂ ಒಂದೊಂದು ಸ್ವಿಚ್ಚು, ಒಂದೊಂದು ದೀಪ, ಕರೆಂಟಿದ್ದರೆ ಕೆಂಪು, ತೆಗೆದರೆ ಹಸಿರು. ನಡುವೆ ಒಂದು ಮೀಟರು. ಅದರ ಮುಳ್ಳು ಐವತ್ತರಲ್ಲಿ ನಿಂತಿರಬೇಕು. ಕೆಳಗಿಳಿಯಿತು ಎಂದರೆ ಊರು ಕೇಳುವಷ್ಟು ಕರೆಂಟು ನಮ್ಮ ಹತ್ತಿರ ಇಲ್ಲ ಎಂದು ಅರ್ಥ. ಆಗ ಯಾವುದಾದರೊಂದು ಫೀಡರ್, ಅಂದರೆ ಒಂದು ಏರಿಯಾಕ್ಕೆ ಹೋಗುವ ಲೈನು, ಅರ್ಧ ಗಂಟೆ ತೆಗೆಯಬೇಕು. ತೆಗೆಯದಿದ್ದರೆ ಮೆಷಿನುಗಳು ಒಂದರ ಹಿಂದೊಂದು ನಿಂತು ಇಡೀ ಊರಿಗೇ ಕರೆಂಟ್ ಇಲ್ಲ.

ಯಾವ ಫೀಡರ್ ತೆಗೆಯುವುದು? ಅದಕ್ಕೆ ಪಟ್ಟಿ ಇತ್ತು, ಒಂದರಿಂದ ಒಂಬತ್ತರವರೆಗೆ ಸರದಿ. ಆದರೆ ಪಟ್ಟಿಯಲ್ಲಿ ಬರೆಯದ ಒಂದು ಕಾನೂನೂ ಇತ್ತು: ಮೂರನ್ನು ಮುಟ್ಟಬಾರದು. ಮೂರು ಎಂದರೆ ಹಮ್ರಿಯಾ. ಅಲ್ಲಿ ದೊಡ್ಡ ಆಸ್ಪತ್ರೆ ಇತ್ತಾ? ಇಲ್ಲ. ಮಂತ್ರಿಗಳ ಮನೆ ಇತ್ತಾ? ಅದೂ ಇಲ್ಲ. ನಾವಿದ್ದೆವು, ಅಷ್ಟೆ. ನನ್ನ ಮನೆ, ನಮ್ಮ ಶಿಫ್ಟಿನ ಇನ್‌ಚಾರ್ಜ್ ಪಾಸ್ಕಲ್ ಡಿಸೋಜರ ಮನೆ, ಉಳಿದ ಮೂರು ಶಿಫ್ಟಿನವರ ಮನೆ, ಎಲ್ಲ ಅಲ್ಲೇ ಆಚೆ ಈಚೆ ಬೀದಿಗಳಲ್ಲಿ. ಪಾಸ್ಕಲ್ ಮಂಗಳೂರಿನ ಕುಲಶೇಖರದವರು. ಊರ ಕಡೆ ಹಿರಿಯ ಕ್ರಿಶ್ಚಿಯನ್ನರನ್ನು ಕರೆಯುವಂತೆ ನಾನವರನ್ನು ಪೊರ್ಬುಗಳೇ ಎನ್ನುತ್ತಿದ್ದೆ.

"ಮೂರಕ್ಕೆ ಕೈ ಹಾಕ್ಬೇಡ ಮಾರಾಯ. ಮನೆಗೆ ಹೋದ್ರೆ ಊಟ ಸಿಗ್ಲಿಕ್ಕಿಲ್ಲ," ಎಂದು ನಾನು ಸೇರಿದ ಮೊದಲ ವಾರವೇ ಅವರು ಹೇಳಿಕೊಟ್ಟಿದ್ದರು. ಮೂರರ ಸರದಿ ಬಂದಾಗಲೆಲ್ಲ ಏಳನ್ನು ತೆಗೆಯುತ್ತಿದ್ದೆವು. ಏಳು ಎಂದರೆ ಅಲ್ ಅಜೈಬಾದ ಕಡಲಬದಿ, ಮೀನುಗಾರರ ಮನೆಗಳು. ಅಲ್ಲಿಂದ ಯಾರೂ ಫೋನ್ ಮಾಡಿ ಬೈಯುತ್ತಿರಲಿಲ್ಲ. ಬೈಯದವರ ಕರೆಂಟು ತೆಗೆಯುವುದು ಬಹಳ ಸುಲಭ.

ನಾನು ಹೇಳುತ್ತಿರುವುದು ಎಂಬತ್ತೆಂಟರ ಬೇಸಿಗೆಯ ಮಾತು. ಜೂನಿನಲ್ಲಿ ಒಂದು ದೊಡ್ಡ ಮೆಷಿನ್ ಕೈಕೊಟ್ಟಿತ್ತು, ಅದರ ಬಿಡಿಭಾಗ ಹಡಗಿನಲ್ಲಿ ಬರಬೇಕಿತ್ತು. ಹೊರಗೆ ನಲವತ್ತಾರು ಡಿಗ್ರಿ. ಮನೆಯಲ್ಲಿ ನನ್ನ ಹೆಂಡತಿ ಉಮಾವತಿ ಏಳು ತಿಂಗಳ ಬಸುರಿ. ಮದುವೆಯಾಗಿ ಎಂಟು ವರ್ಷ, ಎರಡು ಸಲ ಹೊಟ್ಟೆಯಲ್ಲೇ ಕಳೆದುಕೊಂಡವಳು. ಈ ಸಲ ಡಾಕ್ಟರು, ಸೆಕೆಗೆ ಸಿಕ್ಕಿಕೊಳ್ಳಬೇಡಿ, ಸುಸ್ತು ಮಾಡಿಕೊಳ್ಳಬೇಡಿ ಎಂದು ಮೂರು ಮೂರು ಸಲ ಹೇಳಿದ್ದರು.

ಊರಿನಿಂದ ಯಾರೂ ಬರುವಂತಿರಲಿಲ್ಲ. ಆದ್ದರಿಂದ ಮೇಲಿನ ಮಹಡಿಯ ಸುಶೀಲಮ್ಮನೇ ಮುಂದೆ ನಿಂತು ಸೀಮಂತಕ್ಕೆ ದಿನ ಇಟ್ಟರು. ಮೈಸೂರಿನವರು, ಯಾವುದಕ್ಕೂ ಹಿಂದೆ ಬೀಳುವವರಲ್ಲ. ಜುಲೈ ತಿಂಗಳ ಒಂದು ಶುಕ್ರವಾರ, ಎಲ್ಲರಿಗೂ ರಜೆ. ನನ್ನೊಬ್ಬನನ್ನು ಬಿಟ್ಟು. ಕರೆಂಟಿಗೆ ಎಲ್ಲಿಯ ಶುಕ್ರವಾರ?

"ನೀವು ಇಲ್ಲದಿದ್ರೂ ನಡೀತದೆ, ಗಂಡಸರಿಗೆ ಅಲ್ಲಿ ಎಂತ ಕೆಲಸ," ಎಂದಳು ಉಮಾ. "ಆದ್ರೆ ಆವತ್ತೊಂದು ದಿನ ಕರೆಂಟ್ ಹೋಗದ ಹಾಗೆ ನೋಡಿಕೊಳ್ಳಿ. ಮೂವತ್ತು ಜನ ಬರ್ತಾರೆ. ನನಗೆ ಹೆದರಿಕೆ ಆಗ್ತದೆ."

"ಹಮ್ರಿಯಾದ ಕರೆಂಟಾ? ನಾನಿರುವಾಗ ಹೋಗುವುದುಂಟಾ?" ಎಂದೆ. ಎದೆ ತಟ್ಟಿಕೊಂಡೇ ಹೇಳಿದ್ದೆ.

ಅದೇ ತಿಂಗಳು ನಮ್ಮ ಶಿಫ್ಟಿಗೆ ಸೌದ ಬಂದರು. ಸೈನ್ಯದಲ್ಲಿ ಇಪ್ಪತ್ತು ವರ್ಷ ವಯರ್‌ಲೆಸ್ ಆಪರೇಟರ್ ಆಗಿದ್ದ ಒಮಾನಿ. ನನಗಿಂತ ಆರು ವರ್ಷ ದೊಡ್ಡವರು. ಆದರೂ ಕೆಲಸ ಕಲಿಯಲು ಬಂದವರಾದ್ದರಿಂದ ನನ್ನನ್ನು ಉಸ್ತಾದ್ ಎನ್ನುತ್ತಿದ್ದರು. ಮಸ್ಕತ್ತಿನ ಬಹಳ ಜನರ ಹಾಗೆ ಅವರಿಗೂ ಹಿಂದಿ ಸಲೀಸು, ನಮ್ಮ ಮಾತೆಲ್ಲ ಹಿಂದಿಯಲ್ಲೇ. ಅವರ ಹತ್ತಿರ ಹಸಿರು ರಟ್ಟಿನ ಒಂದು ನೋಟ್‌ಬುಕ್ಕಿತ್ತು. ನಾನು ಹೇಳಿದ್ದನ್ನೆಲ್ಲ ಬಲದಿಂದ ಎಡಕ್ಕೆ ಬರೆದುಕೊಳ್ಳುವುದು, ಕೊನೆಗೆ "ಯಾಕೆ?" ಎಂದು ಕೇಳುವುದು, ಕಾರಣವನ್ನೂ ಬರೆದುಕೊಳ್ಳುವುದು. ದಿನಕ್ಕೆ ಐವತ್ತು ಯಾಕೆ! ಒಮ್ಮೊಮ್ಮೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತಿತ್ತು.

ಸೀಮಂತಕ್ಕೆ ಎರಡು ದಿನ ಮೊದಲು, ಬುಧವಾರ ಮಧ್ಯಾಹ್ನ, ಮುಳ್ಳು ಇಳಿಯಿತು. ಸರದಿ ಮೂರರದು. "ಏಳು ತೆಗೆಯಿರಿ," ಎಂದೆ. ಸೌದ ತೆಗೆದರು. ಲಾಗ್‌ಬುಕ್ಕಿನಲ್ಲಿ ಸಮಯ ಬರೆದರು. ಆಮೇಲೆ ಫೋನ್ ಎತ್ತಿ ಅರಬ್ಬಿಯಲ್ಲಿ ಮೆಲ್ಲಗೆ ಹೇಳಿದರು: "ಅಮ್ಮನ ಚಾದರಕ್ಕೆ ನೀರು ಚಿಮುಕಿಸಿ. ಅರ್ಧ ಗಂಟೆ." ಹನ್ನೊಂದು ವರ್ಷದಲ್ಲಿ ಅಷ್ಟು ಅರಬ್ಬಿ ನನಗೂ ಬರುತ್ತಿತ್ತು.

"ಏಳರಲ್ಲಿ ನಿಮ್ಮ ಮನೆಯಾ?" ಎಂದೆ.

"ಹೌದು, ಕಡಲ ಬದಿಯಲ್ಲೇ."

"ಅಮ್ಮನಿಗೆ ಏನಾಗಿದೆ?"

"ಬಿದ್ದು ಸೊಂಟ ಮುರಿದು ನಾಲ್ಕು ತಿಂಗಳಾಯಿತು. ಎತ್ತಿ ನೆರಳಿಗೆ ಮಲಗಿಸೋಣ ಎಂದರೆ ನೋವಿಗೆ ಕೂಗುತ್ತಾರೆ."

"ಮತ್ತೆ ನನ್ನ ಹತ್ತಿರ ಒಂದು ಮಾತು ಹೇಳಬಾರದಾ!" ನನಗೆ ಸಿಟ್ಟೇ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ಹೇಳಿ ಏನು ಮಾಡುವುದು ಉಸ್ತಾದ್? ಮೂರರ ಬದಲಿಗೆ ಏಳು ತೆಗೆಯಲು ಏನೋ ಟೆಕ್ನಿಕಲ್ ಕಾರಣ ಇರಲೇಬೇಕಲ್ಲ. ಅದನ್ನೇ ಕೇಳಬೇಕೆಂದಿದ್ದೆ." ಅವರು ನೋಟ್‌ಬುಕ್ ತೆರೆದು ಪೆನ್ನಿನ ಮುಚ್ಚಳ ತೆಗೆದರು. "ಮೂರನ್ನು ಯಾಕೆ ತೆಗೆಯಬಾರದು?"

ನಾನು ಪ್ಯಾನೆಲ್ ನೋಡಿದೆ, ಗಡಿಯಾರ ನೋಡಿದೆ. "ಕೇಬಲ್ ಹಳೆಯದು," ಎಂದೆ. "ತೆಗೆದು ಹಾಕಿ ಮಾಡಿದರೆ ಸುಟ್ಟುಹೋಗುತ್ತದೆ."

ಅವರು ಒಂದಕ್ಷರ ಬಿಡದೆ ಬರೆದುಕೊಂಡರು. "ಒಳ್ಳೆಯದಾಯಿತು," ಎಂದರು. "ನಾಳೆ ನಾನೂ ಇನ್ನೊಬ್ಬರಿಗೆ ಕಲಿಸಬೇಕಲ್ಲ."

ಸಂಜೆ ಕಾರಿನಲ್ಲಿ ಪಾಸ್ಕಲರಿಗೆ ಹೇಳಿದೆ. ಅವರು ಸ್ಟಿಯರಿಂಗ್ ಬಡಿದು ನಕ್ಕರು. "ಕೇಬಲ್ ಹಳತು! ಭೇಷ್! ನನಗೇ ಹೊಳೀಲಿಲ್ಲ ನೋಡು." ನನಗೆ ನಗು ಬರಲಿಲ್ಲ. ಒಬ್ಬ ಮುದುಕಿಯ ಮೈಮೇಲಿನ ಒದ್ದೆ ಚಾದರವೇ ಕಣ್ಣ ಮುಂದೆ ಬರುತ್ತಿತ್ತು. ಆ ಪುಣ್ಯಾತ್ಮ ತನ್ನ ಅಮ್ಮನ ಕರೆಂಟನ್ನು ತನ್ನ ಕೈಯಿಂದಲೇ ತೆಗೆದಿದ್ದ, ನಾನು ಹೇಳಿದೆ ಎಂಬ ಒಂದೇ ಕಾರಣಕ್ಕೆ. ಥೂ, ನಾನೂ ಒಬ್ಬ ಉಸ್ತಾದ!

ಶುಕ್ರವಾರ ಬೆಳಿಗ್ಗೆ ನಾನು ಹೊರಡುವಾಗ ಸುಶೀಲಮ್ಮ ಆಗಲೇ ಉಮಾಳ ಜಡೆಗೆ ಮೊಗ್ಗು ಸುತ್ತುತ್ತಿದ್ದರು. ಮಂಗಳೂರು ಮಲ್ಲಿಗೆ ಹಿಂದಿನ ದಿನದ ವಿಮಾನದಲ್ಲಿ ಬಂದಿತ್ತು. ಉಮಾ ಕನ್ನಡಿಯಲ್ಲೇ ನನ್ನನ್ನು ನೋಡಿ ಕಣ್ಣಲ್ಲೇ ಕೇಳಿದಳು. ನಾನು ತಲೆಯಾಡಿಸಿ ಬೇಗ ಮೆಟ್ಟಿಲಿಳಿದೆ.

ಪಾಸ್ಕಲರಿಗೆ ಆವತ್ತು ರಜೆ. ರೂಮಿಗೆ ನಾನೇ ಯಜಮಾನ. ಒಂದು ಗಂಟೆ ಹತ್ತು ನಿಮಿಷಕ್ಕೆ ಪವರ್ ಸ್ಟೇಷನ್ನಿನಿಂದ ಫೋನು: ಇನ್ನೊಂದು ಮೆಷಿನ್ ನಿಂತಿತು, ಗಂಟೆಗಿಂತ ಹೆಚ್ಚು ಬೇಕು. ಮುಳ್ಳು ನಲವತ್ತೊಂಬತ್ತೂವರೆ. ಸೌದ ಆಗ ತಾನೆ ಶುಕ್ರವಾರದ ನಮಾಜು ಮುಗಿಸಿ ಬಂದು ಕೂತಿದ್ದರು.

"ಮೊನ್ನೆಯದು ಮೂರರಲ್ಲೇ ನಿಂತಿದೆ, ಉಸ್ತಾದ್. ಪಟ್ಟಿ ಪ್ರಕಾರ ಇವತ್ತೂ ಮೂರು. ಅಂದರೆ ಏಳು," ಎಂದು ಅವರು ಏಳರ ಸ್ವಿಚ್ಚಿನ ಮೇಲೆ ಕೈಯಿಟ್ಟರು.

ನಮ್ಮ ಪಟ್ಟಿಯೂ ಹಾಗೇ. ಮೂರನ್ನು ತೆಗೆಯದೆ ಮುಂದೆ ಹೋಗುವಂತಿಲ್ಲ. ಏಳನ್ನು ಎಷ್ಟು ತೆಗೆದರೂ ಲೆಕ್ಕದಲ್ಲಿ ಅದು ಮೂರರದಲ್ಲವಲ್ಲ. ಪ್ರತಿ ಸಲ ಪಾಸ್ಕಲ್ ಗೀಟು ಹಾಕಿ ನಾಲ್ಕಕ್ಕೆ ದಾಟಿಸುತ್ತಿದ್ದರು, ಬುಧವಾರ ಮರೆತಿದ್ದರು. ಮುಳ್ಳು ಇಳಿಯುತ್ತಲೇ ಇತ್ತು. ಉಮಾ ಈಗ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿರುತ್ತಾಳೆ, ಸುತ್ತ ಮೂವತ್ತು ಜನ, ಎಸಿ ನಿಂತರೆ ಆ ಕೋಣೆ ಹತ್ತು ನಿಮಿಷದಲ್ಲಿ ಒಲೆ. ಏನಾದರೂ ಹೆಚ್ಚು ಕಡಿಮೆಯಾದರೆ? ದೇವರೇ, ಇವತ್ತೊಂದು ದಿನ ಬಿಟ್ಟುಬಿಡು, ನಾಳೆಯಿಂದ ಸರಿಯಾಗುತ್ತೇನೆ ಎಂದು ನಿಜವಾಗಿಯೂ ಬೇಡಿಕೊಂಡೆ. ಆದರೆ ಅಜೈಬಾದ ಆ ಅಮ್ಮನಿಗೆ ಈ ಬೇಸಿಗೆಯಲ್ಲಿ ಹನ್ನೊಂದು ಸಲ ತೆಗೆದಾಗ ಯಾರು ಬೇಡಿಕೊಂಡಿದ್ದರು?

"ಕೈ ತೆಗೆಯಿರಿ," ಎಂದೆ. "ಮೂರು."

"ಕೇಬಲ್, ಉಸ್ತಾದ್?"

"ಕೇಬಲಿಗೆ ಏನೂ ಆಗಿಲ್ಲ. ನಾನು ಸುಳ್ಳು ಹೇಳಿದ್ದು. ಅಲ್ಲಿ ನಮ್ಮ ಮನೆಗಳಿವೆ, ಅದಕ್ಕೆ ತೆಗೆಯುವುದಿಲ್ಲ. ಬೇರೆ ಯಾವ ಕಾರಣವೂ ಇಲ್ಲ."

ಎದ್ದು ನಾನೇ ಸ್ವಿಚ್ ತಿರುಗಿಸಿದೆ. ಮೂರರ ಕೆಂಪು ದೀಪ ಆರಿ ಹಸಿರು ಹತ್ತಿತು. ಮುಳ್ಳು ಸ್ವಲ್ಪ ನಡುಗಿ ಮೇಲೆ ಬಂತು.

ಸೌದ ಲಾಗ್‌ಬುಕ್ಕಿನಲ್ಲಿ ಸಮಯ ಬರೆದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. "ಅಲ್ಲಿ ಯಾರಿದ್ದಾರೆ?" ಎಂದು ಕೇಳಿದರು.

ಹೇಳಿದೆ. ಏಳು ತಿಂಗಳು, ಹಿಂದಿನ ಎರಡು, ಇವತ್ತಿನ ಸೀಮಂತ, ಎಲ್ಲ. ಅವರು ಫೋನನ್ನು ನನ್ನ ಕಡೆಗೆ ತಳ್ಳಿದರು. "ಯಲ್ಲಾ, ಮೊದಲು ಮನೆಗೆ ಮಾಡಿ. ಚಾದರ ಒದ್ದೆ ಮಾಡಿ ಕಿಟಕಿಗೆ ಕಟ್ಟಲು ಹೇಳಿ. ಕಾಲು ನೀರಲ್ಲಿಡಲಿ."

ನಾನು ಎತ್ತುವ ಮೊದಲೇ ಅದು ರಿಂಗಾಯಿತು. ಸುಶೀಲಮ್ಮ. "ಏನ್ರೀ ಸೇಸಪ್ಪನೋರೇ, ಆರತಿ ಎತ್ತೋ ಹೊತ್ಗೆ ಸರಿಯಾಗಿ ಹೋಯ್ತಲ್ರೀ! ಏನ್ ಮಾಡ್ತಾ ಕೂತಿದೀರಾ ಅಲ್ಲಿ?"

"ಹೋದದ್ದಲ್ಲ ಸುಶೀಲಮ್ಮ, ನಾನೇ ತೆಗೆದದ್ದು. ಅರ್ಧ ಗಂಟೆ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ಅವಳ ಕಾಲನ್ನು ನೀರಲ್ಲಿಡಿಸಿ."

"ನೀವೇನಾ? ಅಯ್ಯೋ ರಾಮ!" ಎಂದು ಅವರು ಫೋನಿಟ್ಟರು.

ಅದರ ಬೆನ್ನಿಗೇ ಪಾಸ್ಕಲ್. "ನಿನಗೆ ತಲೆ ಸರಿ ಉಂಟಾ? ಏಳು ಇರ್ಲಿಲ್ವಾ?"

"ಏಳಕ್ಕೆ ಬುಧವಾರ ಆಗಿದೆ ಪೊರ್ಬುಗಳೇ. ಇವತ್ತು ನಮ್ಮದು."

"ನಿನ್ನ ಹೆಂಡತಿ ಬಸುರಿ ಮಾರಾಯ!"

"ನನಗೆ ಗೊತ್ತುಂಟು!" ಎಂದು ಕಿರುಚಿ ಫೋನ್ ಕುಕ್ಕಿದೆ. ಇನ್‌ಚಾರ್ಜಿನ ಮೇಲೆ ಕಿರುಚಿದ್ದು ಅದೇ ಮೊದಲು.

ಆ ಮೂವತ್ತು ನಿಮಿಷದಲ್ಲಿ ನಾನು ಎಷ್ಟು ಸಲ ಗಡಿಯಾರ ನೋಡಿದೆನೋ. ಒಂದು ನಲವತ್ತೆರಡಕ್ಕೆ ಸೌದ "ಖಲಾಸ್, ಮುಗಿಯಿತು. ನೀವೇ ಹಾಕಿ," ಎಂದರು. ನಾನು ಮೂರನ್ನು ಹಾಕಿದೆ, ಅವರು ಸರದಿಯಂತೆ ನಾಲ್ಕನ್ನು ತೆಗೆದರು.

ಮನೆಗೆ ಹೋದಾಗ ಬಾಗಿಲು ತೆರೆದೇ ಇತ್ತು. ಬಂದವರೆಲ್ಲ ಹೋಗಿದ್ದರು. ಉಮಾ ಕುತ್ತಿಗೆಗೆ ಒದ್ದೆ ಬೈರಾಸು ಸುತ್ತಿಕೊಂಡು, ಕಾಲು ಚಾಚಿ, ಗೋಡೆಗೆ ಒರಗಿ ಕೂತಿದ್ದಳು. ಕೈತುಂಬ ಹಸಿರು ಬಳೆ. ಅವಳು ಸುಖವಾಗಿದ್ದಳು. ಅಷ್ಟು ನೋಡಿದ್ದೇ ಅಲ್ಲೇ ಚಪ್ಪಲಿಯ ಹತ್ತಿರ ಕೂತುಬಿಟ್ಟೆ.

"ನಾನಿರುವಾಗ ಹೋಗುವುದುಂಟಾ ಅಂತ ಹೇಳಿದ್ದು ಯಾರು?" ಎಂದಳು.

"ನಾನೇ."

"ತೆಗೆದದ್ದು ಯಾರು?"

"ನಾನೇ."

ಎಲ್ಲವನ್ನೂ ಹೇಳಿದೆ, ಕೇಬಲಿನ ಸುಳ್ಳನ್ನೂ. ಅವಳು ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತ ಕೇಳಿದಳು. "ಆ ಅರ್ಧ ಗಂಟೆ ಹೊಟ್ಟೆಯೊಳಗೆ ಒಂದೇ ಸಮ ಒದ್ದದ್ದೇ ಒದ್ದದ್ದು," ಎಂದಳು. "ನಿಮ್ಮದೇ ಸಿಟ್ಟು." ಆಮೇಲೆ, "ಆ ಅಮ್ಮನಿಗೆ ಎಷ್ಟು ಸಲ ತೆಗೆದಿದ್ದೀರಿ?"

"ಹನ್ನೊಂದು."

"ನನಗೆ?"

"ಇವತ್ತು ಒಂದು."

ಅವಳು ಮೊಣಕಾಲಿಗೆ ಕೈಯೂರಿ ಎದ್ದಳು. "ಡಬ್ಬಿ ತೆಗೆಯಿರಿ. ನನ್ನ ಬಯಕೆಯ ಊಟ ಅವರಿಗೂ ಹೋಗಬೇಕು." ಹೋಳಿಗೆ, ಪಾಯಸ, ಚಿತ್ರಾನ್ನ ಎಲ್ಲ ತುಂಬಿಸಿದಳು. ಹೇಳಲಿಲ್ಲ, ಆದರೆ ಒಂದು ಡಜನ್ ಹಸಿರು ಬಳೆಯನ್ನೂ ಕಾಗದದಲ್ಲಿ ಸುತ್ತಿ ಮೇಲಿಟ್ಟದ್ದು ನಾನು ನೋಡಿದೆ.

ಶನಿವಾರ ಡಬ್ಬಿ ಸೌದರ ಜೊತೆ ಅಜೈಬಾಕ್ಕೆ ಹೋಯಿತು. ಭಾನುವಾರ ಖರ್ಜೂರ ತುಂಬಿಕೊಂಡು ವಾಪಸು ಬಂತು, ಜೊತೆಗೆ ಒಂದು ಆಜ್ಞೆ. "ಅಮ್ಮ ಕೇಳಿದರು, ಮೂರು ತೆಗೆದಾಗ ಏಳು ಇರುತ್ತದಲ್ಲವಾ ಅಂತ," ಎಂದರು ಸೌದ. "ಇರುತ್ತದೆ ಎಂದೆ. ಹಾಗಾದರೆ ಮೂರರ ಸರದಿಯ ದಿನ ಬೆಳಿಗ್ಗೆಯೇ ಆ ಹುಡುಗಿಯನ್ನು ಇಲ್ಲಿಗೆ ಕರೆದುಕೊಂಡು ಬಾ ಎಂದಿದ್ದಾರೆ. ಬರದಿದ್ದರೆ ನನಗೆ ಬೈಗುಳ." ಆಮೇಲೆ ನೋಟ್‌ಬುಕ್ ತೆರೆದರು. ಕೇಬಲಿನ ಸಾಲಿನ ಮೇಲೆ ನೇರವಾಗಿ ಒಂದು ಗೀಟು ಹಾಕಿ, ಅದರ ಕೆಳಗೆ ಬರೆದರು. "ಸರದಿ ಯಾರದೆಂದು ಹಿಂದಿನ ದಿನವೇ ಜನರಿಗೆ ಹೇಳಬೇಕು. ಸರಿಯಾ ಉಸ್ತಾದ್?"

"ಯಾಕೆ?" ಎಂದೆ. ಇಷ್ಟು ದಿನದಲ್ಲಿ ಮೊದಲ ಸಲ ನಾನು ಕೇಳಿದೆ. ಅವರು ನಕ್ಕುಬಿಟ್ಟರು.

ಪಾಸ್ಕಲ್ ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಎರಡನೆಯ ವಾರ, ಸರದಿಗೆ ಹೊತ್ತು ಗೊತ್ತುಮಾಡಿ ಮೊದಲೇ ತಿಳಿಸುವ ಕ್ರಮ ಬಂದ ಮೇಲೆ, ಮೂರರ ಸರದಿಯ ಹಿಂದಿನ ದಿನ, ಫೋನೆತ್ತಿ ತಮ್ಮ ಹೆಂಡತಿಗೆ ಹೇಳುವುದು ಕೇಳಿಸಿತು: "ನಾಳೆ ಒಂದು ಗಂಟೆಗೆ ಹೋಗ್ತದೆ. ಈಗಲೇ ಬೈದು ಮುಗಿಸು."

ಮರುದಿನ ಬೆಳಿಗ್ಗೆ ಸೌದರ ತಮ್ಮ ಪಿಕಪ್ ತಂದು ಉಮಾಳನ್ನೂ ಸುಶೀಲಮ್ಮನನ್ನೂ ಅಜೈಬಾಕ್ಕೆ ಕರೆದುಕೊಂಡು ಹೋದ. ಒಂದು ಗಂಟೆಗೆ ಪಾಸ್ಕಲ್ ಮೂರನ್ನು ತೆಗೆದರು. ಐದು ನಿಮಿಷಕ್ಕೆ ಫೋನ್ ರಿಂಗಾಯಿತು. ಶುರುವಾಯಿತು ಎಂದುಕೊಂಡು, ಹಲ್ಲು ಕಚ್ಚಿ ಎತ್ತಿದೆ.

"ಕಂಟ್ರೋಲ್ ರೂಮ್."

"ನಾನು," ಎಂದಳು ಉಮಾ. ಹಿಂದೆ ಯಾರೋ ಮುದುಕಿ ಅರಬ್ಬಿಯಲ್ಲಿ ಗಟ್ಟಿಯಾಗಿ ನಗುತ್ತಿದ್ದರು, ಬಳೆಗಳು ಸದ್ದು ಮಾಡುತ್ತಿದ್ದವು. "ಅಮ್ಮ ನನ್ನನ್ನು ಅವರ ಪಕ್ಕದಲ್ಲೇ ಮಲಗಿಸಿಕೊಂಡಿದ್ದಾರೆ. ಇಲ್ಲಿ ಒಳ್ಳೇ ತಂಪುಂಟು. ನೀವು ನಿಧಾನಕ್ಕೆ ಕರೆಂಟ್ ಹಾಕಿ, ಏನೂ ಅವಸರ ಇಲ್ಲ."